ಮುಯ್ಯಿ ತೀರಿಸಲು ಹೊರಟ ಜಾಕಕ್ಕ

ತಾಳ್ಯದ ಹುಲಿಗೆಮ್ಮನಿಗೆ ಜಾಕಕ್ಕ ಎಂದು ಹೆಸರಿಟ್ಟವರು ಲಾರಿ ಡ್ರೈವರುಗಳು. ಟೈರು ಪಂಕ್ಚರಾಗಿ ನಿಂತ ಲಾರಿಗೆ ಜಾಕು ಕೊಡುವ ಬದಲು ಇವಳೇ ಒಂದು ಕೈ ಕೊಟ್ಟು ಎತ್ತಿ ಹಿಡಿಯುತ್ತಿದ್ದಳು, ಇನ್ನೊಂದು ಕೈಯಲ್ಲಿ ಎಲೆಗೆ ಸುಣ್ಣ ಸವರಿಕೊಳ್ಳುತ್ತಿದ್ದಳು. ಈ ಬಲ ಎಲ್ಲಿಂದ ಬಂತು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಒಂದು ದಿನ ಒರಳುಕಲ್ಲನ್ನು ಸ್ವಲ್ಪ ಸರಿಸು ಎಂದು ಅವ್ವ ಹೇಳಿದ್ದಳು. ಇವಳು ಅದನ್ನು ಮಗುವಿನಂತೆ ಕಂಕುಳಲ್ಲಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿಟ್ಟು ಬಂದಳು. ಅವ್ವ ಹೆದರಲೂ ಇಲ್ಲ, ದೇವರಿಗೆ ಕೈ ಮುಗಿಯಲೂ ಇಲ್ಲ. ಅವತ್ತಿನಿಂದ ಮನೆಯ ಭಾರದ ಕೆಲಸವನ್ನೆಲ್ಲ ಇವಳಿಗೇ ಬಿಟ್ಟಳು.

ಪ್ರಾಯದಲ್ಲಿ ಜಾಕಕ್ಕ ದೊಡ್ಡ ಕೆಲಸಗಳನ್ನೇ ಮಾಡಿದ್ದಳು. ಹಳ್ಳದ ನೀರಿಗೆ ಸಿಕ್ಕ ಗಾಡಿಯನ್ನು ಎತ್ತುಗಳ ಸಮೇತ ದಡಕ್ಕೆ ಇಟ್ಟಿದ್ದಳು. ಹೆದ್ದಾರಿಯಲ್ಲಿ ಮಗುಚಿ ಬಿದ್ದ ಕಾರನ್ನು ನೆಟ್ಟಗೆ ಮಾಡಿ, ಒಳಗಿದ್ದವರಿಗೆ ನೀರು ಕುಡಿಸಿದ್ದಳು. ಚಿತ್ರದುರ್ಗದಲ್ಲಿ ಕರೆದು ಶಾಲು ಹೊದಿಸಿ, ಕೆಂಪು ನೈಲಾನಿನ ಒಂದು ಉಡುಪನ್ನೂ ಕೊಟ್ಟಿದ್ದರು. ಅದಕ್ಕೆ ಬೆನ್ನ ಹಿಂದೆ ಇಳಿಬಿಟ್ಟ ಒಂದು ಉದ್ದನೆಯ ಬಟ್ಟೆಯಿತ್ತು. ಒಂದು ಸಲ ಹಾಕಿಕೊಂಡು, ಸೆಖೆ ಎಂದು ಬಿಚ್ಚಿ, ಆ ಬಟ್ಟೆಯನ್ನು ಹುರುಳಿ ಮೂಟೆಗೆ ಮುಚ್ಚಲು ಇಟ್ಟುಕೊಂಡಿದ್ದಳು.

ಬರಬರುತ್ತಾ ಜನ ಆಪತ್ತಿಗೆ ಕರೆಯುವುದನ್ನು ಬಿಟ್ಟು ಅನುಕೂಲಕ್ಕೆ ಕರೆಯತೊಡಗಿದರು. ಬೀರು ಮಾಳಿಗೆಗೆ ಹತ್ತಿಸಬೇಕು, ಎಮ್ಮೆ ಮಲಗಿದಲ್ಲಿಂದ ಏಳುತ್ತಿಲ್ಲ, ಬೋರಿನ ಪೈಪು ಮೇಲೆ ಬರುತ್ತಿಲ್ಲ. ಹೊಳಲ್ಕೆರೆಯ ಒಬ್ಬ ಮಹಾನುಭಾವ ಟ್ರ್ಯಾಕ್ಟರು ಎತ್ತಿಸಲು ಮಿಸ್ಡ್ ಕಾಲು ಕೊಟ್ಟಿದ್ದ. ಅಂಥ ಬಲಕ್ಕೆ ಇಂಥ ಬೆಲೆ. ಈಗ ಅವಳ ಮಂಡಿ ಹಿಡಿದುಕೊಂಡಿತ್ತು. ತೋಳಿನಲ್ಲಿ ಬಲವಿತ್ತು, ಅದನ್ನು ಹೊತ್ತು ತಿರುಗುವ ಕಾಲಿಗೆ ಬೇಸರ ಬಂದಿತ್ತು. ಯಾರೇ ಕರೆದರೂ ಕಾಲುನೋವು ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಳು.

ಹೀಗಿರುವಾಗ ಹೊಸದುರ್ಗದ ಸುಮಿತ್ರಾ ಬಂದಳು. ಸುಮಿತ್ರಾ ಹಾರುವವಳು. ಹದ್ದು ಹಾರಿದಂತೆ ಸದ್ದಿಲ್ಲದೆ ಹಾರುತ್ತಿದ್ದಳು, ಹಾರುವಾಗ ಎಷ್ಟು ಭಾರವನ್ನಾದರೂ ಎತ್ತಿ ಹಿಡಿಯುತ್ತಿದ್ದಳು. ಅಂಥವಳು ಅವತ್ತು ಆಟೋದಲ್ಲಿ ಬಂದಿಳಿದಳು. ಜಾಕಕ್ಕನಿಗೆ ಆಗಲೇ ಏನೋ ಅನ್ನಿಸಿತು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಸುಮಿತ್ರಾ ಎರಡನ್ನೂ ಮುಟ್ಟದೆ ನೇರ ವಿಷಯಕ್ಕೆ ಬಂದಳು.

"ಹಿರಿಯೂರಾಗೆ ಚೇತನ್‌ಕುಮಾರಂದು ಗೃಹಪ್ರವೇಶ ಐತಕ್ಕ. ಅವನಿಗೆ ನಾನೊಂದು ಮುಯ್ಯಿ ತೀರಿಸ್ಬೇಕು. ಒಬ್ಬಳ ಕೈಲಿ ಆಗಲ್ಲ, ನೀನು ಬರ್ಬೇಕು."

ಕಾಲುನೋವು ಎನ್ನಲು ಬಾಯಿ ತೆರೆದಿದ್ದ ಜಾಕಕ್ಕ ಮುಯ್ಯಿ ಎಂಬ ಮಾತು ಕೇಳಿ ಬಾಯಿ ಮುಚ್ಚಿದಳು. ನಮ್ಮ ಕಡೆ ಮುಯ್ಯಿಯೆಂದರೆ ಸುಮ್ಮನೆ ಅಲ್ಲ. ನಿಮ್ಮ ಮನೆಯ ಕಾರ್ಯಕ್ಕೆ ಒಬ್ಬರು ಬಂದು ಪಾತ್ರೆಯನ್ನೋ ಬಟ್ಟೆಯನ್ನೋ ಉಡುಗೊರೆ ಇಟ್ಟು ಹೋದರೆ, ಅವರ ಮನೆಯ ಕಾರ್ಯಕ್ಕೆ ನೀವು ಹೋಗಿ ಅದಕ್ಕಿಂತ ಒಂದು ತೂಕ ಹೆಚ್ಚೇ ಇಟ್ಟು ಬರಬೇಕು. ಸತ್ತರೂ ಆ ಬಾಕಿ ಮಕ್ಕಳ ಮೇಲಿರುತ್ತದೆ. ಅದೂ ಅಲ್ಲದೆ ಚೇತನ್‌ಕುಮಾರನ ತಾಯಿ ಮುದ್ದಕ್ಕ, ಜಾಕಕ್ಕನ ಮಗಳ ಮದುವೆಗೆ ಬಂದು ತಾಮ್ರದ ಕೊಡ ಇಟ್ಟು ಹೋಗಿದ್ದಳು. ಕೊಡ ಬಂದ ಕಡೆಗೆ ಹಂಡೆ ಹೋಗಬೇಕು.

"ಮುಯ್ಯಿ ಅಂದ್ಮೇಲೆ ಇಲ್ಲ ಅನ್ನಾಕಾಗುತ್ತೇನವ್ವ," ಎಂದಳು ಜಾಕಕ್ಕ. "ಬರ್ತೀನಿ. ನೀನು ಹೇಳ್ದಂಗೆ ಆಗ್ಲಿ."

ಸುಮಿತ್ರಾಳ ಕಣ್ಣು ತುಂಬಿ ಬಂತು. ಒಂದು ಉಡುಗೊರೆಗೆ ಇಷ್ಟೊಂದು ಅಳುವ ಹುಡುಗಿಯರು ಈ ಕಾಲದಲ್ಲೂ ಇದ್ದಾರಲ್ಲ ಎಂದು ಜಾಕಕ್ಕನಿಗೆ ಸಂತೋಷವಾಯಿತು.

ಗೃಹಪ್ರವೇಶದ ಬೆಳಿಗ್ಗೆ ಇಬ್ಬರೂ ಹೊಸದುರ್ಗದಲ್ಲಿ ಹಿರಿಯೂರಿನ ಬಸ್ಸು ಹತ್ತಿದರು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಆಕಾಶದಲ್ಲಿ ಯಾರಿಗೂ ಏನನ್ನೂ ತೋರಿಸದೆ ಓಡಾಡಿದವಳು ಕಂಡಕ್ಟರಿಗೆ ಕಾರ್ಡು ಹಿಡಿದು ನಿಂತದ್ದನ್ನು ನೋಡಿ ಜಾಕಕ್ಕನಿಗೆ ಪಾಪ ಅನ್ನಿಸಿತು. ಜಾಕಕ್ಕನ ತೊಡೆಯ ಮೇಲೆ ಹೊಸ ತಾಮ್ರದ ಹಂಡೆ ಕೂತಿತ್ತು. ಮುಂದಿನ ಸೀಟಿನವರು ಅದರಲ್ಲಿ ಮುಖ ನೋಡಿ ಕ್ರಾಪು ತಿದ್ದಿಕೊಳ್ಳುತ್ತಿದ್ದರು. ಊರು ದಾಟಿದ ಮೇಲೆ ಸುಮಿತ್ರಾ ಆ ಹಂಡೆಯನ್ನೇ ನೋಡಿ ಕೇಳಿದಳು, ಇದರಿಂದ ಅವನ ತಲೆಗೆ ಹೊಡೆಯುತ್ತೀಯೇನಕ್ಕ ಎಂದು.

"ಯಾಕೆ ಹೊಡೀಲಿ? ಮುಯ್ಯಿಗೆ ತಂದಿರೋದು."

"ಯಾವ ಮುಯ್ಯಿಗೆ?"

"ನೀನೇ ಕರ್ದ್ಯಲ್ಲೇ, ಮುಯ್ಯಿ ತೀರಿಸ್ಬೇಕು ಬಾ ಅಂತ."

ಸುಮಿತ್ರಾ ಹಂಡೆಯ ಮೇಲೆ ಬಗ್ಗಿದಳು. ಆಮೇಲೆ, ಕಂಡಕ್ಟರಿಗೆ ಕೇಳಿಸದಂತೆ ಹೇಳಿದಳು: "ಅಕ್ಕ, ನಾನು ಹೇಳಿದ್ದು ಸೇಡಿನ ಮುಯ್ಯಿ."

ನಮ್ಮ ಹಿರಿಯರು ಕೊಡುವುದಕ್ಕೂ ಕೊಲ್ಲುವುದಕ್ಕೂ ಒಂದೇ ಮಾತು ಇಟ್ಟು ಹೋಗಿದ್ದಾರೆ. ಅವರಿಗೆ ಅದರಿಂದ ತೊಂದರೆಯಾಗಿರಲಿಲ್ಲವೋ ಏನೋ, ಜಾಕಕ್ಕನಿಗೆ ಅವತ್ತು ಆಯಿತು. ಸೇಡು ಅಂದಿದ್ದರೆ ಕಾಲುನೋವು ಅನ್ನುತ್ತಿದ್ದೆನಲ್ಲ ತಾಯಿ ಎಂದಳು. ಆದರೆ ಬರುತ್ತೇನೆ ಎಂದದ್ದಾಗಿತ್ತು, ಹೇಳಿದಂತೆ ಆಗಲಿ ಎಂದೂ ಅಂದಿದ್ದಾಗಿತ್ತು.

ಸುಮಿತ್ರಾ ತನ್ನ ಕಥೆ ಹೇಳಿದಳು. ಹಿಂದಿನ ಮಳೆಗಾಲದಲ್ಲಿ ಮಾರಿಕಣಿವೆಯ ಹತ್ತಿರ ತಿರುವಿನಲ್ಲಿ ಒಂದು ಬಸ್ಸು ರಸ್ತೆ ಬಿಟ್ಟು, ಮುಂದಿನ ಗಾಲಿ ಗಾಳಿಯಲ್ಲಿ ನಿಂತಿತ್ತು. ಮೇಲಿನಿಂದ ಹಾರಿ ಬಂದು ಬಸ್ಸಿನ ಲಗೇಜು ಕಂಬಿಯನ್ನು ಹಿಡಿದು, ಒಳಗಿನ ಜನರೆಲ್ಲ ಇಳಿಯುವ ತನಕ ಎತ್ತಿ ನಿಂತವಳು ಸುಮಿತ್ರಾ. ಕೆಳಗೆ ಬಸ್ಸಿನ ಮೂತಿಗೆ ಎರಡೂ ಅಂಗೈ ಆನಿಸಿ ನಿಂತವನು ಚೇತನ್‌ಕುಮಾರ. ಅವನದು ವಜ್ರದ ಮೈ. ಏಟು ಬಿದ್ದರೆ ಏಟಿಗೇ ನೋವು. ಆದರೆ ಅವನಿಗೆ ಒಂದು ಅಕ್ಕಿ ಚೀಲ ಎತ್ತುವ ಶಕ್ತಿಯೂ ಇಲ್ಲ. ಬಿದ್ದರೆ ತನ್ನ ಮೇಲೆ ಬೀಳಲಿ ಎಂದು ನಿಂತಿದ್ದ, ಅಷ್ಟೇ. ಯಾರೋ ಫೋಟೋ ತೆಗೆದರು. ಫೋಟೋದಲ್ಲಿ ಬಸ್ಸು, ಅದರ ಕೆಳಗೆ ಕೈಯೆತ್ತಿದ ಚೇತನ್‌ಕುಮಾರ, ಮೇಲಿನ ಅಂಚಿನಲ್ಲಿ ಎರಡು ಪಾದ ಮಾತ್ರ. ಫ್ಲೆಕ್ಸ್ ಮಾಡುವವನು ಇದೇನೋ ಕೊಳೆ ಬಿದ್ದಿದೆ ಎಂದು ಆ ಪಾದಗಳನ್ನೂ ಒರೆಸಿ ಹಾಕಿದ. ಮರುದಿನದಿಂದ ಊರೂರಲ್ಲಿ 'ಬಸ್ ಎತ್ತಿದ ಚೇತನ್'. ಸುಮಿತ್ರಾಳ ಚಿತ್ರವೂ ಇತ್ತು, ತಳದಲ್ಲಿ, ಶುಭ ಕೋರುವವರ ಸಾಲಿನಲ್ಲಿ.

"ಅವನು ಇಲ್ಲ ಅನ್ನಬಹುದಿತ್ತಲ್ಲ," ಎಂದಳು ಜಾಕಕ್ಕ.

"ಅನ್ನಲಿಲ್ಲ." ಸುಮಿತ್ರಾ ಕಿಟಕಿಯ ಆಚೆ ನೋಡುತ್ತ ಉಳಿದದ್ದನ್ನು ಹೇಳಿದಳು. "ಅವತ್ತಿನಿಂದ ನನಗೆ ಹಾರಾಕೆ ಆಗ್ತಿಲ್ಲಕ್ಕ. ಜೋಳದ ತೆನೆ ಮಟ್ಟ ಹೋಗ್ತೀನಿ, ಯಾರ್ಗೆ ಬೇಕಾಗೈತೆ ಅನ್ನಿಸ್ತೈತೆ, ಬಿದ್ದೋಗ್ತೀನಿ. ಅವನು ಕೆಳಗೆ ಬೀಳಬೇಕು. ಆಗ ನಾನು ಮೇಲಕ್ಕೆ ಹೋಗ್ತೀನಿ."

ಉಪಾಯವನ್ನೂ ಮಾಡಿಕೊಂಡಿದ್ದಳು. ವಜ್ರದ ಮೈಯವನನ್ನು ಹೊಡೆಯಲು ಆಗುವುದಿಲ್ಲ, ಎತ್ತಲು ಆಗುತ್ತದೆ. ಜಾಕಕ್ಕ ಅವನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೋಗಿ, ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನಿದೆಯಲ್ಲ, ಅದರ ಒಂದು ರೆಕ್ಕೆಗೆ ಸಿಕ್ಕಿಸಿ ಬರಬೇಕು. ಗಾಳಿ ನಿಲ್ಲುವ ತನಕ ಅವನು ತಿರುಗಬೇಕು, ಸುತ್ತಲಿನ ನಾಲ್ಕು ತಾಲ್ಲೂಕಿನ ಜನ ನೋಡಬೇಕು. ಗುಡ್ಡ ಹತ್ತಬೇಕಾ ಎಂದು ಮಾತ್ರ ಜಾಕಕ್ಕ ಕೇಳಿದಳು. ಹತ್ತಬೇಕು ಎಂದಾಗ ಅವಳ ಮಂಡಿ ಅಲ್ಲೇ ಉತ್ತರ ಕೊಟ್ಟಿತು.

ಆದರೆ ಅವಳನ್ನು ಹೆಚ್ಚು ಕಾಡಿದ್ದು ತೊಡೆಯ ಮೇಲಿದ್ದ ಹಂಡೆ. ಹಂಡೆ ಇಡದೆ ಬಂದರೆ ಮುದ್ದಕ್ಕನ ಬಾಕಿ ಉಳಿಯುತ್ತದೆ. ಇಟ್ಟರೆ, ಆ ಮನೆಯ ಮೇಲೆ ಕೈ ಎತ್ತುವ ಹಾಗಿಲ್ಲ. ಮುಯ್ಯಿ ಇಟ್ಟ ಕೈ ಮುರಿದರೂ ಆ ಮನೆಗೆ ಕೇಡು ಮಾಡಬಾರದು ಎಂದು ಅವಳ ಅವ್ವ ಹೇಳುತ್ತಿದ್ದಳು. ಬದುಕಿನಲ್ಲಿ ಏನೇನೋ ಎತ್ತಿದ್ದ ಜಾಕಕ್ಕನಿಗೆ ಆ ಹಂಡೆಯಷ್ಟು ಭಾರ ಯಾವುದೂ ಆಗಿರಲಿಲ್ಲ.

ಹಿರಿಯೂರಿನಲ್ಲಿ ಇಳಿದ ಕೂಡಲೇ ಫ್ಲೆಕ್ಸ್ ಕಂಡಿತು. ಅಂಗೈ ಮೇಲೆ ಬಸ್ಸು, ಬಸ್ಸಿನ ಮೇಲೆ ಬರಿಯ ಆಕಾಶ. ಸುಮಿತ್ರಾ ಅದರ ಮುಂದೆ ನಿಂತು ತನ್ನ ಪಾದಗಳನ್ನು ನೋಡಿಕೊಂಡಳು. ಶಾಮಿಯಾನದ ಬಾಗಿಲಲ್ಲಿ ಮುದ್ದಕ್ಕ ಸಿಕ್ಕಿ, ಜಾಕಕ್ಕನನ್ನು ತಬ್ಬಿ, ಈ ಹುಡುಗಿ ಯಾರು ಎಂದು ಕೂಡ ಕೇಳದೆ ಇಬ್ಬರನ್ನೂ ಊಟದ ಸಾಲಿಗೆ ನೂಕಿದಳು. ಅವಳ ಲೆಕ್ಕದಲ್ಲಿ ಬಂದವರೆಲ್ಲ ಹಸಿದವರೇ. ಬೆಳಿಗ್ಗೆ ಹೊಸಿಲ ತೆಂಗಿನಕಾಯಿಯನ್ನು ಮಗನ ತಲೆಯ ಮೇಲೇ ಒಡೆದರು, ಒಂದೇ ಏಟಿಗೆ ಎರಡು ಹೋಳಾಯಿತು ಎಂದು ಹೆಮ್ಮೆಯಿಂದ ಹೇಳಿಕೊಂಡಳು.

ಸುಮಿತ್ರಾ ಎಲೆಯ ಮುಂದೆ ಕೂತಳೇ ಹೊರತು ಕೈ ಹಾಕಲಿಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು, ಆದ್ದರಿಂದ ತಿನ್ನುವುದಿಲ್ಲ ಎಂದು ಜಾಕಕ್ಕನ ಕಿವಿಯಲ್ಲಿ ಹೇಳಿದಳು. ಅನ್ನ ಬಂತು, ಸಾರು ಬಂತು, ಕೋಸಂಬರಿ ಬಂತು, ಎಲ್ಲದರಲ್ಲೂ ಉಪ್ಪು. ಹೋಳಿಗೆ ಬಂದಾಗ ಅದರ ಮೇಲೆ ತುಪ್ಪ ಹರಿಯುವುದನ್ನು ನೋಡಿ, ಹೋಳಿಗೆಯಲ್ಲಿ ಉಪ್ಪಿರುವುದಿಲ್ಲವಲ್ಲ ಎಂದು ಒಂದನ್ನು ತಿಂದಳು. ಮತ್ತೊಂದನ್ನೂ ತಿಂದಳು. ಕಣಕ ಕಲೆಸುವಾಗ ಒಂದು ಚಿಟಿಕೆ ಉಪ್ಪು ಹಾಕುತ್ತಾರೆ ಎನ್ನುವುದನ್ನು ಜಾಕಕ್ಕ ಹೇಳಲು ಹೋಗಲಿಲ್ಲ.

ಊಟವಾದ ಮೇಲೆ ಮುಯ್ಯಿಯ ಸಾಲು. ವೇದಿಕೆಯ ಮೇಲೆ ಚೇತನ್‌ಕುಮಾರ ಹೆಂಡತಿ ಆಶಾರಾಣಿಯ ಜೊತೆ ಕೂತಿದ್ದ. ಪಕ್ಕದಲ್ಲಿ ಯತ್ತಪ್ಪ ಮೈಕು ಹಿಡಿದಿದ್ದ. ಯಾರು ಏನು ಇಟ್ಟರು ಎಂದು ಕೂಗಿ ಹೇಳುವುದು ಯತ್ತಪ್ಪನ ಕೆಲಸ. ಅವನದು ಹೇಗೆಂದರೆ, ಕಿವಿಗೆ ಬಿದ್ದದ್ದು ನೇರ ಬಾಯಿಗೆ, ನಡುವೆ ತಲೆ ಎಂಬ ನಿಲ್ದಾಣವೇ ಇಲ್ಲ. ಮಾವನ ಮನೆಯವರು ಹೊತ್ತು ತಂದ ಮಂಚಕ್ಕೆ ಕಾಲು ಅಲ್ಲಾಡುತ್ತೆ ಎಂದು ಹಿಂದಿನಿಂದ ಯಾರೋ ಅಂದದ್ದನ್ನೂ ಅವನು ಸೇರಿಸಿ ಕೂಗಿದ್ದ.

ಸಾಲು ಮುಂದೆ ಸರಿಯಿತು. ಸುಮಿತ್ರಾ ಹಿಂದಿನಿಂದ ಸೆರಗು ಜಗ್ಗಿ, ಮೆಟ್ಟಿಲು ಹತ್ತಿದ ಕೂಡಲೇ ಎತ್ತಬೇಕು, ನಾನು ಜನರಿಗೆ ಎರಡು ಮಾತು ಹೇಳುತ್ತೇನೆ ಎಂದು ಪಿಸುಗುಟ್ಟಿದಳು. ಜಾಕಕ್ಕ ಹತ್ತಿದಳು. ಚೇತನ್‌ಕುಮಾರ ಎದ್ದು ಅವಳ ಕಾಲಿಗೆ ನಮಸ್ಕಾರ ಮಾಡಿದ. ಹಾಗೆ ಬಗ್ಗಿದವನನ್ನು ಎತ್ತುವುದು ಬಲು ಸುಲಭವಿತ್ತು, ಸೊಂಟದ ದಾರಕ್ಕೆ ಕೈ ಹಾಕಿದರೆ ಸಾಕಿತ್ತು. ಜಾಕಕ್ಕನ ಕೈ ಹಂಡೆಯನ್ನು ಮುಂದಿಟ್ಟಿತು. ತಾಳ್ಯದ ಹುಲಿಗೆಮ್ಮನವರಿಂದ ತಾಮ್ರದ ಹಂಡೆ ಎಂದು ಯತ್ತಪ್ಪ ಕೂಗಿದ. ಸುಮಿತ್ರಾ ಹಿಂದೆ ಉಸಿರು ಬಿಟ್ಟದ್ದು ಮೈಕಿನಲ್ಲೂ ಕೇಳಿಸಿತು.

ಈಗ ಯತ್ತಪ್ಪ ಮೈಕನ್ನು ಸುಮಿತ್ರಾಳ ಕಡೆ ತಿರುಗಿಸಿ, ಅಕ್ಕಾರದು ಏನು ಎಂದ. ಅವಳ ಕೈ ಖಾಲಿ. ಕಲಿತು ಬಂದಿದ್ದ ಎರಡು ಮಾತೂ ಗಂಟಲಲ್ಲಿ ಹೋಳಿಗೆಯ ಹಾಗೆ ಅಂಟಿಕೊಂಡವು. ಚೇತನ್‌ಕುಮಾರ ಅವಳನ್ನು ಕಂಡವನೇ ತಲೆ ತಗ್ಗಿಸಿದ. ಜಾಕಕ್ಕ ಅವನ ಮುಖವನ್ನು ನೋಡಿದಳು. ವಜ್ರದ ಮೈಯಿರಬಹುದು, ಕಣ್ಣ ಕೆಳಗಿನ ಕಪ್ಪು ಮಾತ್ರ ಎಲ್ಲರ ಹಾಗೆಯೇ ಇತ್ತು. ಅವನು ಬಹಳ ದಿನದಿಂದ ಸರಿಯಾಗಿ ನಿದ್ದೆ ಮಾಡಿದವನಲ್ಲ.

ಸಾಲು ನಿಂತಿತು. ಹಿಂದಿನವರು ಕೆಮ್ಮಿದರು. ಹುಡುಗಿ ಎಲ್ಲರೆದುರು ಬರಿಗೈಯಲ್ಲಿ ನಿಂತದ್ದನ್ನು ಜಾಕಕ್ಕನಿಗೆ ನೋಡಲಾಗಲಿಲ್ಲ.

"ಬರಿಗೈ ಅಲ್ಲ ಕಣಪ್ಪ ಯತ್ತಪ್ಪ," ಎಂದಳು. "ಅವಳದು ಮೊದಲೇ ಬಂದೈತೆ. ಬಸ್ ಎತ್ತಿದ ಹೆಸರು. ಹೊಸದುರ್ಗದ ಸುಮಿತ್ರಾ ಮುಯ್ಯಿ ಇಟ್ಟಿದ್ದು. ಕೂಗು."

ಯತ್ತಪ್ಪ ಕೂಗಿದ. "ಹೊಸದುರ್ಗದ ಸುಮಿತ್ರಾ ಅವರಿಂದ, ಬಸ್ ಎತ್ತಿದ ಹೆಸರು, ಮುಯ್ಯಿ." ನಾಲ್ಕು ದಿಕ್ಕಿನ ಹಾರ್ನಿನಲ್ಲೂ ಅದು ಹೋಯಿತು, ಅಡುಗೆಯವರ ತನಕ ಹೋಯಿತು. ಕೂಗಿದ ಮೇಲೆ ಅವನಿಗೂ ಏನೋ ಅನುಮಾನ ಬಂದು ಮೈಕಿನ ತಲೆಯನ್ನು ತಟ್ಟಿ ನೋಡಿದ.

ಇಟ್ಟ ಮುಯ್ಯಿಯನ್ನು ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ಇಟ್ಟವರ ಮುಖಕ್ಕೆ ಹೊಡೆದ ಹಾಗೆ, ಅದೂ ಹೊಸ ಮನೆಯಲ್ಲಿ, ಉಂಡು ಕೂತ ಜನರೆದುರು. ತೆಗೆದುಕೊಂಡೆ ಎಂದರೋ, ಆ ಹೆಸರು ಅಲ್ಲಿಯ ತನಕ ತನ್ನದಾಗಿರಲಿಲ್ಲ ಎಂದು ಒಪ್ಪಿದ ಹಾಗೆ. ಜಾಕಕ್ಕ ಇದನ್ನೆಲ್ಲ ಯೋಚಿಸಿ ಹೇಳಿದವಳಲ್ಲ. ಹೇಳಿ ಆದ ಮೇಲೆ ಅವಳಿಗೇ ಅರ್ಥವಾಯಿತು, ತಾನು ಆ ಹುಡುಗನನ್ನು ಫ್ಯಾನಿಗಿಂತ ಎತ್ತರದಲ್ಲಿ ಸಿಕ್ಕಿಸಿಬಿಟ್ಟೆ ಎಂದು.

ಮುದ್ದಕ್ಕ ಜನರನ್ನು ಸರಿಸಿಕೊಂಡು ಬಂದಳು. ಅವಳಿಗೆ ಮಗನ ಸಾಹಸಗಳಿಗಿಂತ ಮುಯ್ಯಿಯ ಬಾಕಿಗಳೇ ಹೆಚ್ಚು ಚೆನ್ನಾಗಿ ನೆನಪಿರುತ್ತಿದ್ದವು.

"ಏನೋ ಇದು ಚೇತನ, ಹೆಸರು ಇಡಾದು ಅಂದ್ರೆ? ಆ ಹೆಸರು ನಿಂದೇ ಅಲ್ವಾ?"

ಚೇತನ್‌ಕುಮಾರ ಮೊದಲು ಹೆಂಡತಿಯ ಕಡೆ ನೋಡಿದ, ಆಮೇಲೆ ಸುಮಿತ್ರಾಳ ಪಾದದ ಕಡೆ ನೋಡಿದ. ಯತ್ತಪ್ಪ ಅಭ್ಯಾಸಬಲದಿಂದ ಮೈಕನ್ನು ಅವನ ಬಾಯಿಗೆ ಹಿಡಿದ.

"ಇಸ್ಕಂಡಿದ್ದು ಕಣವ್ವ," ಎಂದ. "ಅವತ್ತೇ ಇಸ್ಕಂಡೆ. ಅವಳನ್ನ ಕೇಳ್ದೇ ಇಸ್ಕಂಡೆ. ನಾನು ಕೆಳಗೆ ಸುಮ್ನೆ ನಿಂತಿದ್ದೆ."

ಶಾಮಿಯಾನದಲ್ಲಿ ಎಲೆ ಎತ್ತುವವರೂ ನಿಂತರು. ಸುಮಿತ್ರಾ ಇಷ್ಟು ದಿನ ಕಾದ ಗಳಿಗೆ ಅದು. ಆದರೆ ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ, ಬಾಗಿಲು ಒದೆಯಲು ಓಡಿ ಬಂದಾಗ ಬಾಗಿಲು ತಾನೇ ತೆರೆದುಕೊಂಡವರ ಹಾಗೆ ನಿಂತಿದ್ದಳು.

ಮುದ್ದಕ್ಕ ಮಗನಿಗೆ ಹೊಡೆಯಲಿಲ್ಲ, ಹೊಡೆದರೆ ತನ್ನ ಕೈಗೇ ನೋವು ಎಂದು ಅವಳಿಗೆ ಗೊತ್ತಿತ್ತು. ಸುಮಿತ್ರಾಳ ಗಲ್ಲ ಹಿಡಿದು, ನಮ್ಮ ಮನೆಗೆ ಇಂಥ ಮುಯ್ಯಿ ಯಾರೂ ಇಟ್ಟಿರಲಿಲ್ಲ ತಾಯಿ, ಇದನ್ನು ಒಂದು ತೂಕ ಹೆಚ್ಚಾಗಿಯೇ ತೀರಿಸಬೇಕು, ನಿಮ್ಮ ಮನೆಯಲ್ಲಿ ಮುಂದಿನ ಕಾರ್ಯ ಯಾವುದು ಎಂದು ಕೇಳಿದಳು. ಮದುವೆ ಗೊತ್ತಾಗಿದೆಯಾ, ಮನೆ ಕಟ್ಟಿಸುತ್ತಿದ್ದೀರಾ, ತಮ್ಮ ತಂಗಿಯರದು ಏನಾದರೂ ಇದೆಯಾ. ಸುಮಿತ್ರಾ ಎಲ್ಲದಕ್ಕೂ ಇಲ್ಲ ಎಂದು ತಲೆಯಾಡಿಸಿದಳು.

"ಕಾರ್ಯ ಏನೂ ಇಲ್ಲ ಕಣವ್ವ," ಎಂದಳು ಕೊನೆಗೆ. "ಹಾರಾದೊಂದು ಇತ್ತು, ಅದೂ ನಿಂತೋಗೈತೆ. ಎದ್ದೇಳ್ತೀನಿ, ಬಿದ್ದೋಗ್ತೀನಿ."

ಇದು ಚೇತನ್‌ಕುಮಾರನಿಗೆ ಗೊತ್ತಿರಲಿಲ್ಲ. ಅವನು ಕುರ್ಚಿಯಿಂದ ಎದ್ದ. ವಜ್ರದ ಮೈಯವನಿಗೆ ಎಲ್ಲೋ ತಾಕಿತು ಎನ್ನುವುದು ಜಾಕಕ್ಕನಿಗೆ ಕಂಡಿತು.

"ಬಿದ್ರೆ ನನ್ ಮೇಲೆ ಬೀಳು," ಎಂದ. "ನನಗೆ ಬರಾದು ಅದೊಂದೇ. ಕೆಳಗೆ ಇರ್ತೀನಿ, ನೀನು ಹಾರಾವರೆಗೂ."

ಇದೇ ಮುಯ್ಯಿ ಎಂದು ಮುದ್ದಕ್ಕ ಅಲ್ಲೇ ತೀರ್ಮಾನ ಮಾಡಿದಳು. ಯತ್ತಪ್ಪ ಅದನ್ನೂ ಕೂಗಿದ.

ಬಸ್ಸಿನಲ್ಲಿ ಹಿಂದಿರುಗುವಾಗ ಸುಮಿತ್ರಾ ಜಾಕಕ್ಕನನ್ನು ಚೆನ್ನಾಗಿ ಬೈದಳು. ಅವನು ಫ್ಯಾನಿನಲ್ಲಿ ತಿರುಗುವುದನ್ನು ನೋಡಬೇಕೆಂದು ಎಷ್ಟು ಆಸೆಪಟ್ಟಿದ್ದೆ, ನೀನು ಹಂಡೆ ಇಟ್ಟು ಎಲ್ಲ ಕೆಡಿಸಿದೆ ಎಂದಳು. ಜಾಕಕ್ಕ ಹೌದೌದು ಎನ್ನುತ್ತ ಕೇಳಿಸಿಕೊಂಡಳು. ಮಾರಿಕಣಿವೆಯ ತಿರುವು ಬಂದಾಗ ಬೈಗುಳ ನಿಂತಿತು, ಸುಮಿತ್ರಾ ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.

ಹಾರುವ ಅಭ್ಯಾಸಕ್ಕೆ ಜಾಗ ಹುಡುಕಿ, ತಾಳ್ಯದಲ್ಲಿ ಜಾಕಕ್ಕನ ಮನೆಯ ಹಿಂದಿನ ಬಯಲೇ ಆಗಲಿ ಎಂದಾಯಿತು. ಬೆಳಿಗ್ಗೆ ಬಿಸಿಲೇರುವ ಮುಂಚೆ ಚೇತನ್‌ಕುಮಾರ ಹಿರಿಯೂರಿನಿಂದ ಬೈಕಿನಲ್ಲಿ ಬಂದು ಅಂಗಾತ ಮಲಗುತ್ತಿದ್ದ. ಅವನ ಮೈ ಗಟ್ಟಿಯಾದ್ದರಿಂದ ಬೀಳುವವಳ ಮೂಳೆ ಮುರಿಯಬಾರದೆಂದು ಜಾಕಕ್ಕ ಅವನ ಮೇಲೆ ಮೂರ್ನಾಲ್ಕು ಕೌದಿ ಹೊದಿಸುತ್ತಿದ್ದಳು. ಆಮೇಲೆ ಸುಮಿತ್ರಾಳ ಸೊಂಟ ಹಿಡಿದು ಮೇಲಕ್ಕೆ ಎಸೆಯುತ್ತಿದ್ದಳು. ಎತ್ತುವ ಕೆಲಸ ಬಿಟ್ಟು ಕೂರೋಣವೆಂದಿದ್ದವಳಿಗೆ ಕೊನೆಗೂ ಎತ್ತುವುದು ತಪ್ಪಲಿಲ್ಲ. ಆದರೆ ಇದಕ್ಕೆ ಯಾರೂ ಮಿಸ್ಡ್ ಕಾಲು ಕೊಟ್ಟಿರಲಿಲ್ಲ.

ಸುಮಿತ್ರಾ ಜೋಳದ ತೆನೆಯ ಮಟ್ಟಕ್ಕೆ ಹೋಗಿ ಧೊಪ್ಪನೆ ಬೀಳುತ್ತಿದ್ದಳು. ಅವನಿಗೆ ನೋವಾಗುತ್ತಿರಲಿಲ್ಲ, ಕಚಗುಳಿಯಾಗುತ್ತಿತ್ತು. ಕೌದಿಯ ಒಳಗಿಂದ ಅವನು ಕಿಸಕಿಸನೆ ನಕ್ಕರೆ, ನಗ್ತೀಯೇನಲೇ ಎಂದು ಅವಳು ಬೇಕೆಂದೇ ಇನ್ನೊಂದು ಸಲ ಬೀಳುತ್ತಿದ್ದಳು. ನೋಡಲು ಬಂದ ಊರವರು, ಇದು ಯಾವ ಸೇಡು ಎಂದು ತಮ್ಮತಮ್ಮಲ್ಲೇ ಕೇಳಿಕೊಂಡರು. ಈ ನಡುವೆ ಮುದ್ದಕ್ಕ ಫ್ಲೆಕ್ಸಿನವನನ್ನು ಹಿಡಿದು, ಒರೆಸಿದ ಪಾದಗಳನ್ನು ಮತ್ತೆ ಹಾಕಿಸಿದಳಂತೆ. ಅವನು ಹೆದರಿ ಪಾದಗಳನ್ನು ಬಸ್ಸಿಗಿಂತ ದೊಡ್ಡದಾಗಿ ಹಾಕಿದನಂತೆ.

ಒಂದು ಬೆಳಿಗ್ಗೆ ಜಾಕಕ್ಕ ಎಂದಿನಂತೆ ಎಸೆದು, ಸೊಂಟ ನೀವಿಕೊಳ್ಳುತ್ತ ಧೊಪ್ ಎನ್ನುವ ಸದ್ದಿಗೆ ಕಾದಳು. ಸದ್ದು ಬರಲಿಲ್ಲ. ಅವಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಜೋಳದ ತೆನೆ ದಾಟಿ, ತೆಂಗಿನ ಗರಿ ದಾಟಿ, ಗುಡ್ಡದ ಫ್ಯಾನುಗಳ ಕಡೆಗೆ ಸುಮಿತ್ರಾ ಹೋಗುತ್ತಿದ್ದಳು, ಹದ್ದಿನ ಹಾಗೆ, ಸದ್ದಿಲ್ಲದೆ.

ಬಹಳ ಹೊತ್ತಾದ ಮೇಲೆ ಕೌದಿಯ ಒಳಗಿಂದ ಮಾತು ಬಂತು.

"ಜಾಕಕ್ಕ, ಬಿದ್ದಾಯ್ತಾ?"

"ಇಲ್ಲ ಕಣಪ್ಪ."

"ಹಂಗಾದ್ರೆ ಎದ್ದೇಳ್ಲಾ?"

ಜಾಕಕ್ಕ ಮತ್ತೊಮ್ಮೆ ಮೇಲೆ ನೋಡಿದಳು. ಸುಮಿತ್ರಾ ಒಂದು ಫ್ಯಾನಿನ ಸುತ್ತ ಎರಡು ಸುತ್ತು ಹಾಕಿ, ಮೂರನೆಯದಕ್ಕೆ ಗಾಬರಿಯಾದವಳಂತೆ ಕೈಕಾಲು ಆಡಿಸುತ್ತಿದ್ದಳು.

"ಮಲಗಿರು," ಎಂದಳು. "ಹತ್ತಾದು ನೆನಪಾಗೈತೆ ಅವಳಿಗೆ, ಇಳಿಯಾದು ಇನ್ನೂ ನೆನಪಾದಂಗಿಲ್ಲ."